ಮೂರು ನಿಮಿಷ ಸಿಕ್ಕಾಗ ಹುಡುಗರ ಮೈ ತಣಿಸಿ

2008ರ ಆಗಸ್ಟ್ 23, ಬೀಜಿಂಗ್‌ನ ‘ಹಕ್ಕಿಗೂಡು’ ಕ್ರೀಡಾಂಗಣ. ಒಲಿಂಪಿಕ್ಸ್ ಫುಟ್‌ಬಾಲ್ ಫೈನಲ್ ಶುರುವಾದದ್ದು ನಡುಮಧ್ಯಾಹ್ನ 12ಕ್ಕೆ. ಮೈದಾನದಲ್ಲಿ 42 ಡಿಗ್ರಿ ಬಿಸಿ ಎಂದು ವರದಿಯಾಗಿತ್ತು. ರೆಫರಿ ಎರಡೂ ಅರ್ಧಗಳಲ್ಲಿ ಒಮ್ಮೊಮ್ಮೆ ಆಟ ನಿಲ್ಲಿಸಿ ಆಟಗಾರರನ್ನು ಗೆರೆಯ ಬಳಿಗೆ ಕಳಿಸಿದರು. 58ನೇ ನಿಮಿಷದಲ್ಲಿ ಡಿ ಮರಿಯಾ ಗೋಲ್‌ಕೀಪರ್ ತಲೆ ಮೇಲಿಂದ ಚೆಂಡು ಎತ್ತಿ ಹಾಕಿದ ಒಂದೇ ಗೋಲಿನಿಂದ ಅರ್ಜೆಂಟೀನಾ ನೈಜೀರಿಯಾವನ್ನು ಸೋಲಿಸಿತು.

ಅಂಥ ನಿಲುಗಡೆಗೆ ನಮ್ಮ ಕೋಚ್‌ಗಳು, ಸಂಘಟಕರು, ತಂದೆತಾಯಂದಿರು ಎಲ್ಲರೂ ಹೇಳುವ ಹೆಸರು ‘ವಾಟರ್ ಬ್ರೇಕ್’. ಹೆಸರು ಹಾಗಿರುವುದರಿಂದ ಅಲ್ಲಿ ನಡೆಯುವುದೂ ಅಷ್ಟೇ: ಬಾಟಲಿ ಕೊಡುವುದು, ಗಟಗಟ ಕುಡಿಸುವುದು, ಉಳಿದ ಎರಡೂವರೆ ನಿಮಿಷ ಕೋಚ್ ಸುತ್ತ ಗುಂಪುಗಟ್ಟಿ ಬೈಗುಳ ಕೇಳುವುದು. ಆಮೇಲೆ ಹುಡುಗ ಕುಸಿದು ಬಿದ್ದಾಗ ಎಲ್ಲರ ಬಾಯಲ್ಲೂ ಒಂದೇ ಮಾತು, ‘ನೀರು ಚೆನ್ನಾಗಿ ಕುಡಿದಿದ್ದನಲ್ಲ ಡಾಕ್ಟ್ರೇ!’

ಕುಡಿದಿರುತ್ತಾನೆ. ಆದರೆ ನೀರು ಕುಡಿಸುವುದು ಒಂದು ಕೆಲಸ, ಮೈ ತಣಿಸುವುದು ಇನ್ನೊಂದು ಕೆಲಸ. ಆಟದ ನಿಯಮ ಬರೆಯುವವರು ಕೂಡ ಇವೆರಡನ್ನು ಬೇರೆಬೇರೆಯಾಗಿಯೇ ಬರೆದಿದ್ದಾರೆ. ಫುಟ್‌ಬಾಲ್ ನಿಯಮಾವಳಿಯ 7ನೇ ನಿಯಮ ನೋಡಿ: ‘ಡ್ರಿಂಕ್ಸ್ ಬ್ರೇಕ್’ಗೆ ಒಂದು ನಿಮಿಷ ಮೀರಬಾರದು, ‘ಕೂಲಿಂಗ್ ಬ್ರೇಕ್’ಗೆ 90 ಸೆಕೆಂಡಿನಿಂದ 3 ನಿಮಿಷ. ಕುಡಿಯಲು ಒಂದು ನಿಮಿಷ ಸಾಕು. ಉಳಿದ ಎರಡು ನಿಮಿಷ ಕೊಟ್ಟಿರುವುದು ಬೇರೆ ಕೆಲಸಕ್ಕೆ.

ಲೆಕ್ಕ ಹಾಕಿ ನೋಡಿದರೆ ಇದು ಮನಸ್ಸಿಗೆ ನಾಟುತ್ತದೆ. 45 ಕಿಲೋ ತೂಗುವ ಹುಡುಗನ ಮೈ ಒಂದು ಡಿಗ್ರಿ ಬಿಸಿಯಾಗಲು ಸುಮಾರು 37 ಕಿಲೋ ಕ್ಯಾಲೊರಿ ಶಾಖ ಸಾಕು. ಪಂದ್ಯದ ಓಟದಲ್ಲಿ ಅವನ ಸ್ನಾಯುಗಳು ನಿಮಿಷಕ್ಕೆ ಹತ್ತಿರಹತ್ತಿರ 6 ಕಿಲೋ ಕ್ಯಾಲೊರಿ ಶಾಖ ಹುಟ್ಟಿಸುತ್ತಿರುತ್ತವೆ. ಆ ಶಾಖ ಹೊರಗೆ ಹೋಗಲು ದಾರಿಯೇ ಇಲ್ಲದಿದ್ದರೆ ಆರೇಳು ನಿಮಿಷಕ್ಕೆ ಒಂದು ಡಿಗ್ರಿ ಏರಿಬಿಡುತ್ತದೆ. ಈಗ ಅವನಿಗೆ 10 ಡಿಗ್ರಿ ತಣ್ಣಗಿರುವ ಕಾಲು ಲೀಟರ್ ನೀರು ಕುಡಿಸಿ. ಆ ನೀರು ಮೈಯ ಬಿಸಿಗೆ ಬರುವಷ್ಟರಲ್ಲಿ ಹೀರುವುದು 7 ಕಿಲೋ ಕ್ಯಾಲೊರಿ. ಒಂದೇ ನಿಮಿಷದ ಓಟದ ಶಾಖ! ಅದೇ ಕಾಲು ಲೀಟರ್ ಬೆವರಾಗಿ ಹೊರಬಂದು ಚರ್ಮದ ಮೇಲೆ ಪೂರ್ತಿ ಆರಿದರೆ 145 ಕಿಲೋ ಕ್ಯಾಲೊರಿ ಹೊತ್ತೊಯ್ಯುತ್ತದೆ. ಅಂದರೆ ತಂಪು ಮಾಡುವುದು ಹೊಟ್ಟೆಗೆ ಹೋದ ನೀರಲ್ಲ, ಮೈಮೇಲೆ ಆರಿದ ಬೆವರು. ಆರದೆ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಒಂದಿಷ್ಟೂ ತಂಪು ಮಾಡುವುದಿಲ್ಲ. ಜೆರ್ಸಿ ಹಿಂಡಿದರೆ ನೀರು ಸುರಿಯುತ್ತಿದೆ ಎಂದರೆ ‘ಚೆನ್ನಾಗಿ ಬೆವರ್ತಿದಾನೆ, ತೊಂದ್ರೆ ಇಲ್ಲ’ ಎನ್ನುವುದು ತಪ್ಪು. ಬೆವರು ಆರುತ್ತಿಲ್ಲ ಎಂಬುದಕ್ಕೆ ಅದೇ ಗುರುತು.

ಕೂಲಿಂಗ್ ಬ್ರೇಕ್ ಕೊಡಲು ಫಿಫಾ ಹೇಳುವ 32 ಡಿಗ್ರಿ ಮಿತಿಯ ಗುಟ್ಟೂ ಇದೇ. ಅದು ಮೊಬೈಲಿನಲ್ಲಿ ಕಾಣುವ ಉಷ್ಣಾಂಶವಲ್ಲ. ವೆಟ್ ಬಲ್ಬ್ ಗ್ಲೋಬ್ ಟೆಂಪರೇಚರ್, ಚಿಕ್ಕದಾಗಿ ಡಬ್ಲ್ಯೂಬಿಜಿಟಿ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನ ಅಂಕಿಗೆ ಶೇ 70, ಬಿಸಿಲಿಗಿಟ್ಟ ಕಪ್ಪು ಗೋಳದ ಅಂಕಿಗೆ ಶೇ 20, ಸಾಮಾನ್ಯ ಥರ್ಮಾಮೀಟರಿಗೆ ಬರೀ ಶೇ 10. ಒದ್ದೆ ಬಟ್ಟೆಗೆ ಅಷ್ಟು ತೂಕ ಯಾಕೆಂದರೆ ಅದು ಬೆವರಿನ ಪ್ರತಿನಿಧಿ. ಕಲಬುರಗಿಯ ಒಣ ಬಿಸಿಲಿನಲ್ಲಿ ಗಾಳಿ 40 ಡಿಗ್ರಿ, ತೇವಾಂಶ ಶೇ 20, ಗೋಳ 52 ಎಂದಿಟ್ಟುಕೊಳ್ಳಿ. ಒದ್ದೆ ಬಟ್ಟೆ 24 ತೋರಿಸುತ್ತದೆ. ಕೂಡಿದರೆ 31.2. ಮಂಗಳೂರು, ಕೊಚ್ಚಿಯಂಥ ಕಡೆ ಗಾಳಿ 32 ಡಿಗ್ರಿ, ತೇವಾಂಶ ಶೇ 75, ಗೋಳ 45. ಒದ್ದೆ ಬಟ್ಟೆ 29. ಕೂಡಿದರೆ 32.5. ಮೊಬೈಲ್ ನೋಡಿದವರಿಗೆ 32 ಡಿಗ್ರಿ ಹಾಯಾಗಿ ಕಾಣುತ್ತದೆ, ಆದರೆ ಮಿತಿ ದಾಟಿರುವುದು ಅಲ್ಲಿ. ಕರಾವಳಿಯವರು ‘ಸೆಕೆ’ ಎನ್ನುವುದಕ್ಕೂ ಬಯಲುಸೀಮೆಯವರು ‘ಬಿಸಿಲು’ ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನೇ ಈ ಉಪಕರಣ ಅಂಕಿಯಲ್ಲಿ ಹೇಳುತ್ತದೆ. ಕೈಯಲ್ಲಿ ಹಿಡಿಯುವ ಮೀಟರ್ ಸಿಗುತ್ತದೆ. ಅದನ್ನು ಪೆವಿಲಿಯನ್ ನೆರಳಿನಲ್ಲಿಟ್ಟು ಓದಬೇಡಿ, ಮೈದಾನದ ನಡುವೆ ಸೊಂಟದೆತ್ತರಕ್ಕಿಂತ ಸ್ವಲ್ಪ ಮೇಲೆ ಸ್ಟ್ಯಾಂಡಿನಲ್ಲಿಡಿ. ಕೃತಕ ಹುಲ್ಲಿನ ಟರ್ಫ್ ಆದರೆ ಇನ್ನಷ್ಟು ಎಚ್ಚರ ಬೇಕು, ಬಿಸಿಲಲ್ಲಿ ಅದರ ಮೇಲ್ಮೈ 60 ಡಿಗ್ರಿ ದಾಟುವುದುಂಟು.

ಇಷ್ಟಾದರೂ ಈ ನಿಲುಗಡೆಯನ್ನು ಮೈ ತಣಿಸಲು ಕೋಚ್‌ಗಳು ಬಿಟ್ಟುಕೊಡುವುದಿಲ್ಲ. ಅದಕ್ಕೂ ಒಂದು ಹಿನ್ನೆಲೆಯಿದೆ. 2014ರ ವಿಶ್ವಕಪ್‌ನಲ್ಲಿ ಫೋರ್ಟಲೇಜಾದಲ್ಲಿ ಮೆಕ್ಸಿಕೊ 1–0 ಮುಂದಿದ್ದಾಗ ಕೂಲಿಂಗ್ ಬ್ರೇಕ್ ಬಂತು. ನೆದರ್ಲೆಂಡ್ಸ್‌ನ ಕೋಚ್ ವಾನ್ ಗಾಲ್ ಆ ಮೂರು ನಿಮಿಷದಲ್ಲಿ ತಂಡದ ಆಟದ ರೀತಿಯನ್ನೇ ಬದಲಿಸಿದರು, ಕೊನೆಯಲ್ಲಿ ಎರಡು ಗೋಲು ಹೊಡೆದು ಗೆದ್ದರು. ಅಂದಿನಿಂದ ಇದು ‘ಟ್ಯಾಕ್ಟಿಕಲ್ ಟೈಮ್ ಔಟ್’. 2026ರ ವಿಶ್ವಕಪ್‌ನ ಪ್ರತಿ ಪಂದ್ಯಕ್ಕೂ, ಹವೆ ಹೇಗೇ ಇರಲಿ, ಎರಡೂ ಅರ್ಧದಲ್ಲಿ ಮೂರು ಮೂರು ನಿಮಿಷ ನಿಲ್ಲಿಸುವ ನಿಯಮ ತಂದ ಫಿಫಾ ಅದಕ್ಕಿಟ್ಟ ಹೆಸರು ‘ಹೈಡ್ರೇಷನ್ ಬ್ರೇಕ್’. ಹೆಸರಿನ ಗೊಂದಲ ಇನ್ನೂ ಹೆಚ್ಚುತ್ತದೆ. ಕೋಚ್ ಮಾತಾಡಲಿ, ಬೇಡ ಎನ್ನುವುದಿಲ್ಲ. ಹುಡುಗರ ಕತ್ತಿನ ಮೇಲೆ ಟವೆಲ್ ಬಿದ್ದ ಮೇಲೆ ಮಾತಾಡಲಿ, ಸುತ್ತುಗಟ್ಟಿ ನಿಲ್ಲಿಸದೆ ಸಾಲಾಗಿ ಗಾಳಿಗೆ ಬಿಟ್ಟು ಮಾತಾಡಲಿ.

ಇನ್ನು ಆ ಮೂರು ನಿಮಿಷದ ತಯಾರಿ. ಒಂದು ತಂಡಕ್ಕೆ 50 ಲೀಟರಿನ ಐಸ್ ಬಾಕ್ಸ್ ಎರಡು ಬೇಕು, ಮುಚ್ಚಳ ಗಟ್ಟಿಯಾಗಿರಬೇಕು. ಒಂದೊಂದರಲ್ಲಿ 10 ಕಿಲೋ ಪುಡಿ ಐಸ್, 20 ಲೀಟರ್ ನೀರು. ಬರೀ ಐಸ್ ಹಾಕಿ ಟವೆಲ್ ಹುದುಗಿಸಿದರೆ ಅದು ಹಪ್ಪಳದಂತೆ ಸೆಟೆದುಕೊಳ್ಳುತ್ತದೆ, ಚರ್ಮಕ್ಕೆ ಅಂಟಿ ಕೂರುವುದಿಲ್ಲ. ಬರೀ ನೀರಾದರೆ ನಾಲ್ಕು ಟವೆಲ್ ಅದ್ದುವಷ್ಟರಲ್ಲಿ ಬೆಚ್ಚಗಾಗುತ್ತದೆ. ಐಸ್ ತೇಲುತ್ತಿರುವ ತನಕ ನೀರು ಸೊನ್ನೆಯ ಹತ್ತಿರವೇ ಇರುತ್ತದೆ. ತೇಲುವುದು ಕಾಣದಿದ್ದರೆ ಇನ್ನಷ್ಟು ಹಾಕಿ. ಐಸ್ ಬೆಳಿಗ್ಗೆಯೇ ತಂದು ಬಿಸಿಲಲ್ಲಿಟ್ಟು, ಪಂದ್ಯದ ಹೊತ್ತಿಗೆ ನೀರಾದ ಮೇಲೆ ನಲ್ಲಿ ನೀರಲ್ಲಿ ಟವೆಲ್ ಒದ್ದೆ ಮಾಡಿ ಕೊಡುವುದು ತೀರಾ ಸಾಮಾನ್ಯ. ತಾರಸಿ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನ ನೀರು ಮಧ್ಯಾಹ್ನ ಮೂರಕ್ಕೆ ಎಷ್ಟು ಬಿಸಿಯಿರುತ್ತದೆಂದು ಮನೆಯಲ್ಲಿ ಮುಖ ತೊಳೆದವರಿಗೆ ಗೊತ್ತು.

ಕೈಟವೆಲ್ ಕನಿಷ್ಠ 40. ತಲೆಗೊಂದು ಕತ್ತಿಗೊಂದು, ಅರ್ಧ ಹಿಂಡಿ, ನೀರು ಇನ್ನೂ ತೊಟ್ಟಿಕ್ಕುತ್ತಿರುವಂತೆ ಹಾಕಿ. ಒಂದು ನಿಮಿಷ ಕಳೆದದ್ದೇ ತೆಗೆದು ಹೊಸದು. ಯಾಕೆ ಬದಲಿಸಬೇಕು? 300 ಮಿಲಿ ನೀರು ಹೀರಿದ ತಣ್ಣನೆ ಟವೆಲ್ ಮೈಬಿಸಿಗೆ ಬರುವಷ್ಟರಲ್ಲಿ ಹೆಚ್ಚೆಂದರೆ 9–10 ಕಿಲೋ ಕ್ಯಾಲೊರಿ ಹೀರಬಲ್ಲದು, ಅದರಲ್ಲೂ ಒಂದು ಪಾಲು ಸುತ್ತಲ ಗಾಳಿಯದ್ದು. ಬೆಚ್ಚಗಾದ ಟವೆಲ್ ಕತ್ತಿನ ಮೇಲೆ ಹಾಗೇ ಉಳಿದರೆ ಅದೊಂದು ಶಾಲು. ಮೂರು ನಿಮಿಷದಲ್ಲಿ ಒಳಮೈಯ ಬಿಸಿ ಬಹಳ ಇಳಿಯುತ್ತದೆಂದು ನಿರೀಕ್ಷಿಸಬೇಡಿ. ಏರಿಕೆ ನಿಂತರೆ, ಮುಂದಿನ ಹದಿನೈದು ನಿಮಿಷಕ್ಕೆ ಸ್ವಲ್ಪ ಜಾಗ ಸಿಕ್ಕರೆ ಅದೇ ದೊಡ್ಡದು. ಒಣ ಹವೆಯಾದರೆ ಮೈಗೆ ನೀರು ಸಿಂಪಡಿಸಿ ಫ್ಯಾನ್ ಗಾಳಿ ಬಿಡುವುದು ಚೆನ್ನಾಗಿ ಕೆಲಸ ಮಾಡುತ್ತದೆ; ಸೆಕೆಯ ಊರಲ್ಲಿ ಟವೆಲ್ಲೇ ಗತಿ. ಅರ್ಧಾವಧಿಯಲ್ಲಿ ಸಮಯ ಹೆಚ್ಚಿರುವುದರಿಂದ ಬಕೆಟ್ ತಣ್ಣೀರಲ್ಲಿ ಮೊಣಕೈವರೆಗೆ ಎರಡೂ ಕೈ ಮುಳುಗಿಸಿ ಕೂರಿಸಿ.

ಗೋಲ್‌ಕೀಪರ್ ಮರೆತುಹೋಗುತ್ತಾನೆ. ಓಡುವುದಿಲ್ಲವಲ್ಲ ಎಂದು ಸುಮ್ಮನಿರಬೇಡಿ. ಉದ್ದ ತೋಳಿನ ಜೆರ್ಸಿ, ಗ್ಲೌಸ್, ಬಿಸಿಲಲ್ಲೇ ನಿಲ್ಲುವ ಜಾಗ. ಅವನ ಗ್ಲೌಸ್ ಬಿಚ್ಚಿಸಿ. ರೆಫರಿಗಳಿಗೂ ನಾಲ್ಕು ಟವೆಲ್ ಕಳಿಸಿ.

ಪಂದ್ಯಕ್ಕೆ 20–30 ನಿಮಿಷ ಮೊದಲು ಐಸ್ ಪುಡಿಯ ಪಾನೀಯ ಕೊಡುವುದುಂಟು. ಐಸ್ ಗೋಲಾ ಕರಗುತ್ತಿರುವ ಹದ. ಕಿಲೋ ತೂಕಕ್ಕೆ 7 ಗ್ರಾಂನಷ್ಟು, 45 ಕಿಲೋ ಹುಡುಗನಿಗೆ 300 ಗ್ರಾಂ. ನೀರಿಗಿಂತ ಇದು ಯಾಕೆ ಮೇಲು ಎಂದರೆ ಐಸ್ ಕರಗಲಿಕ್ಕೇ ಕಿಲೋಗೆ 80 ಕಿಲೋ ಕ್ಯಾಲೊರಿ ಬೇಕು. ಆದರೆ ಕುಡಿಯುವ ನೀರಿನಿಂದ ಮಾಡಿದ ಐಸ್ ಆಗಿರಲಿ, ಅಭ್ಯಾಸದ ದಿನ ಕೊಟ್ಟು ನೋಡಿರಿ. ಕೆಲವರಿಗೆ ಹೊಟ್ಟೆ ಹಿಡಿದುಕೊಳ್ಳುತ್ತದೆ, ಅಂಥವರಿಗೆ ಬೇಡ.

ಹಾಗಾದರೆ ಕುಡಿಯುವುದು ಮುಖ್ಯವಲ್ಲವೇ? ಮುಖ್ಯವೇ, ಬೆವರಿಗೆ ಬಂಡವಾಳ ಅದು. ನಿಲುಗಡೆಗೆ 150–250 ಮಿಲಿ, ಬಾಯಾರಿಕೆ ಇದ್ದಷ್ಟು. ಪಂದ್ಯದ ಮೊದಲು, ಆಮೇಲೆ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಒಂದು ಲೀಟರ್ ಹೋಗಿದೆ. ತೂಕದ ಶೇ 2ಕ್ಕಿಂತ ಹೆಚ್ಚು ಇಳಿದರೆ ಕುಡಿದದ್ದು ಸಾಲದು. ತೂಕ ಏರಿದ್ದರೆ ಅದು ಶಾಭಾಸ್ ಅನ್ನುವ ಸಂಗತಿಯಲ್ಲ, ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಫಿಟ್ಸ್‌ವರೆಗೂ ಹೋಗಬಹುದು. ಉಪ್ಪಿನ ಮಾತ್ರೆ ನುಂಗಿಸಬೇಡಿ. ಒಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿ, ಅಂದಾಜಿಗೆ ಬೇಡ.

ಬೆಂಗಳೂರಿನ ಹವೆಯಲ್ಲಿ ಬೆಳೆದ ಶಾಲಾ ತಂಡ ಸುಬ್ರತೊ ಕಪ್‌ಗೆಂದು ದೆಹಲಿಗೆ ಹೋಗುವಾಗ ಹಿಂದಿನ ರಾತ್ರಿ ರೈಲಿಳಿದು ಮರುದಿನ ಆಡುವುದು ಬೇಡ. ಮೈ ಬಿಸಿಲಿಗೆ ಒಗ್ಗಲು 10ರಿಂದ 14 ದಿನ ಬೇಕು. ಮೊದಲ ವಾರದಲ್ಲೇ ರಕ್ತದ ದ್ರವಾಂಶ ಹೆಚ್ಚಿ, ಬೆವರು ಬೇಗ ಶುರುವಾಗಿ, ಅದರಲ್ಲಿನ ಉಪ್ಪು ಕಡಿಮೆಯಾಗುತ್ತಾ ಬರುತ್ತದೆ. ಅಷ್ಟು ದಿನ ಸಿಗುವುದಿಲ್ಲ ಎಂಬುದು ಗೊತ್ತು. ಒಂದು ವಾರ ಸಿಕ್ಕರೂ ಒಳ್ಳೆಯದು, ಮೊದಲೆರಡು ದಿನ ಅರ್ಧ ಗಂಟೆಗಿಂತ ಹೆಚ್ಚು ಬಿಸಿಲಲ್ಲಿ ಓಡಿಸಬೇಡಿ. ವಾರದೊಳಗೆ ಜ್ವರ, ಭೇದಿ ಆಗಿದ್ದವನನ್ನು, ಶೀತಕ್ಕೆ ಅಲರ್ಜಿ ಮಾತ್ರೆ ತೆಗೆದುಕೊಳ್ಳುತ್ತಿರುವವನನ್ನು ವೈದ್ಯರಿಗೆ ತೋರಿಸದೆ ಇಳಿಸಬೇಡಿ. ಈ ಮಕ್ಕಳು ತಾವಾಗಿ ಹೇಳುವುದಿಲ್ಲ. ‘ಏನಿಲ್ಲ ಸರ್, ಆಡ್ತೀನಿ’ ಎಂದೇ ಹೇಳುತ್ತಾರೆ, ಅಷ್ಟು ಆಸೆ ಅವರಿಗೆ.

ಅದಕ್ಕೇ ಅವರ ಬಾಯಿ ನಂಬದೆ ನಡೆ ನೋಡಬೇಕು. ತನ್ನ ಜಾಗ ಬಿಟ್ಟು ಬೇರೆಲ್ಲೋ ನಿಂತಿರುವುದು, ಸ್ಕೋರ್ ಕೇಳಿದರೆ ತಪ್ಪು ಹೇಳುವುದು, ಕಾರಣವಿಲ್ಲದೆ ಜಗಳ, ತೂರಾಡುವುದು. ಓಟದಿಂದ ಬರುವ ಹೀಟ್ ಸ್ಟ್ರೋಕ್‌ನಲ್ಲಿ ಚರ್ಮ ಒಣಗಿರಲೇಬೇಕೆಂದಿಲ್ಲ, ಮೈತುಂಬ ಬೆವರಿರಬಹುದು. ಕಂಕುಳಿನ ಥರ್ಮಾಮೀಟರ್, ಹಣೆಗೆ ಹಿಡಿಯುವ ಗನ್ ಎರಡೂ ಇಲ್ಲಿ ಸುಳ್ಳು ಹೇಳುತ್ತವೆ. ಗುದದ್ವಾರದ ಅಳತೆಯೊಂದೇ ನಂಬಿಕೆಯದ್ದು. ಅದನ್ನು ನೋಡುವ ವೈದ್ಯರಿಲ್ಲದಿದ್ದರೆ ಅಳತೆಗೆ ಕಾಯಬೇಡಿ. ಪ್ಯಾರಾಸಿಟಮಾಲ್ ಇದಕ್ಕೆ ಕೆಲಸ ಮಾಡುವುದಿಲ್ಲ, ಅರೆಪ್ರಜ್ಞೆಯವನ ಬಾಯಿಗೆ ನೀರು ಬೇಡವೇ ಬೇಡ.

ಮಾಡಬೇಕಾದ್ದು: ಆಂಬುಲೆನ್ಸ್‌ಗೆ ಫೋನ್ ಹೋಗಲಿ, ಆದರೆ ಸಾಗಿಸುವ ಮುಂಚೆ ತಣಿಸಿ. ಗಟ್ಟಿ ಟಾರ್ಪಾಲಿನ ಮೇಲೆ ಹುಡುಗನನ್ನು ಮಲಗಿಸಿ, ಆರೆಂಟು ಜನ ಅಂಚು ಎತ್ತಿ ಹಿಡಿದು ತೊಟ್ಟಿಲಿನಂತೆ ಮಾಡಿ. ಅದಕ್ಕೆ 100–150 ಲೀಟರ್ ನೀರು, 30–40 ಕಿಲೋ ಐಸ್. ತಲೆ ನೀರಿನ ಮೇಲಿರುವಂತೆ ಒಬ್ಬರು ಹಿಡಿದಿರಲಿ, ಇನ್ನೊಬ್ಬರು ನೀರು ಕದಡುತ್ತಿರಲಿ; ನಿಂತ ನೀರಲ್ಲಿ ಮೈಸುತ್ತ ಬೆಚ್ಚಗಿನ ಪದರ ಕಟ್ಟಿಕೊಳ್ಳುತ್ತದೆ. ಹೀಗೆ ನಿಮಿಷಕ್ಕೆ ಹೆಚ್ಚುಕಡಿಮೆ 0.2 ಡಿಗ್ರಿ ಇಳಿಯುತ್ತದೆ. ಅಳತೆಯಿದ್ದರೆ 39ಕ್ಕೆ ಬಂದಾಗ ಎತ್ತಿ, ಇಲ್ಲದಿದ್ದರೆ 10–15 ನಿಮಿಷ. ಕುಸಿದ ಅರ್ಧ ಗಂಟೆಯೊಳಗೆ ಇದು ಮುಗಿದಿರಬೇಕು, ಆದ್ದರಿಂದ ಟಾರ್ಪಾಲು, ನೀರು, ಐಸ್ ಮೂರೂ ಮೈದಾನದ ಅಂಚಿನಲ್ಲೇ ಇರಲಿ, ಸ್ಟೋರ್ ರೂಮಿನ ಬೀಗದೊಳಗೆ ಬೇಡ.

ಆಂಬುಲೆನ್ಸ್ ಬಂದಾಗ ಹುಡುಗನ ಮುಂಗೈ ಒರೆಸಿ ಮಾರ್ಕರಿನಲ್ಲಿ ಮೂರು ಹೊತ್ತು ಬರೆಯಿರಿ: ಬಿದ್ದದ್ದು ಎಷ್ಟಕ್ಕೆ, ನೀರಿಗಿಳಿಸಿದ್ದು ಎಷ್ಟಕ್ಕೆ, ಎತ್ತಿದ್ದು ಎಷ್ಟಕ್ಕೆ. ಕಾಗದ ಒದ್ದೆಯಾಗಿ ಹೋಗುತ್ತದೆ.