ನೀರು ಕುಡಿದರೆ ಕಿಡ್ನಿಯ ತಡೆ ಬಿಡುವುದಿಲ್ಲವೇ?

ಪ್ರಶ್ನೆ: ಮಗನಿಗೆ 19 ವರ್ಷ. ಎಡಗಡೆಯ ಕಿಡ್ನಿಯಿಂದ ಮೂತ್ರ ಇಳಿಯುವ ಜಾಗದಲ್ಲಿ ತಡೆ ಇದೆ, ರೋಬೋಟ್ ನೆರವಿನ ಪೈಲೊಪ್ಲಾಸ್ಟಿ (ಆ ಜಾಗವನ್ನು ಸರಿಪಡಿಸುವ ಆಪರೇಷನ್) ಮಾಡಿಸಿ ಎಂದಿದ್ದಾರೆ. ಚೆನ್ನಾಗಿ ನೀರು ಕುಡಿಸಿ ಆಪರೇಷನ್ ತಪ್ಪಿಸಬಹುದೇ?

ಉತ್ತರ: ಆಗುವುದಿಲ್ಲ. ಎಷ್ಟು ಸಲ ಬರೆದರೂ ಈ ಪ್ರಶ್ನೆ ನಿಲ್ಲುತ್ತಿಲ್ಲ, ಆದ್ದರಿಂದ ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ. ನೀರಿನ ಸಲಹೆ ಕಲ್ಲು ಇರುವವರಿಗೆ ಕೊಡುವಂಥದ್ದು. ಸಣ್ಣ ಕಲ್ಲಾದರೆ ಮೂತ್ರದೊಂದಿಗೆ ಜಾರಿಹೋದೀತು. ಇಲ್ಲಿ ಜಾರಿಹೋಗುವಂಥದ್ದು ಏನಿದೆ? ಕಿಡ್ನಿಯೊಳಗೆ ಮೂತ್ರ ಸೇರುವ ಆಲಿಕೆಯಂಥ ಭಾಗ ಮೂತ್ರನಾಳಕ್ಕೆ ಕೂಡುವಲ್ಲಿ ನಾಳವೇ ಹುಟ್ಟಿನಿಂದ ಕಿರಿದಾಗಿರುತ್ತದೆ. ಇಲ್ಲವೇ ಕಿಡ್ನಿಯ ಕೆಳಭಾಗಕ್ಕೆ ಹೋಗುವ ರಕ್ತನಾಳವೊಂದು ಅಡ್ಡ ಹಾದು ಅದನ್ನು ಮಡಚಿರುತ್ತದೆ. ಎಷ್ಟು ಕೊಡ ನೀರು ಕುಡಿದರೂ ಆ ರಕ್ತನಾಳ ಪಕ್ಕಕ್ಕೆ ಸರಿಯುವುದಿಲ್ಲ.

ಒಮ್ಮೆಲೇ ಹೆಚ್ಚು ನೀರು ಕುಡಿಸಿದರೆ ತೊಂದರೆಯೇ ಹೆಚ್ಚು. ಕಿಡ್ನಿ ಮೂತ್ರ ತಯಾರಿಸುತ್ತಲೇ ಹೋಗುತ್ತದೆ, ಕಿರಿದಾದ ಬಾಯಿ ಅಷ್ಟನ್ನು ಬಿಡುವುದಿಲ್ಲ. ಆಲಿಕೆ ಉಬ್ಬಿ ಪಕ್ಕೆಯಲ್ಲಿ ತಡೆಯಲಾಗದ ನೋವು, ವಾಂತಿ. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ, ಮೂತ್ರ ಹೇಗೆ ಇಳಿಯುತ್ತಿದೆ ಎಂದು ನೋಡುವ ರೀನೋಗ್ರಾಮ್ ಪರೀಕ್ಷೆಯಲ್ಲಿ ಮೂತ್ರ ಹೆಚ್ಚಿಸುವ ಇಂಜೆಕ್ಷನ್ ಕೊಡುವುದೂ ಇದಕ್ಕಾಗಿಯೇ: ಹರಿವು ಜೋರಾದಾಗ ತಡೆ ಬಯಲಾಗುತ್ತದೆ. ಬಾಯಾರಿದಷ್ಟು ಕುಡಿಯಲಿ, ಔಷಧವೆಂದು ಕುಡಿಸಬೇಡಿ.

ರೋಬೋಟ್ ತಾನಾಗಿ ಏನನ್ನೂ ಮಾಡುವುದಿಲ್ಲ. ವೈದ್ಯರು ಕನ್ಸೋಲ್ ಮುಂದೆ ಕುಳಿತು ಬೆರಳು ಆಡಿಸಿದಂತೆ ಅದರ ತೋಳುಗಳು ಆಡುತ್ತವೆ. ಸಣ್ಣ ರಂಧ್ರಗಳ ಮೂಲಕವೇ ಕಿರಿದಾದ ಭಾಗವನ್ನು ಕತ್ತರಿಸಿ ತೆಗೆದು, ನಾಳದ ತುದಿಯನ್ನು ಉದ್ದಕ್ಕೆ ಸೀಳಿ ಅಗಲಿಸಿ, ತಾನಾಗಿ ಕರಗುವ ಸಪೂರ ದಾರದಿಂದ ಆಲಿಕೆಗೆ ಮತ್ತೆ ಹೊಲಿಯುತ್ತಾರೆ. ಅಡ್ಡ ಬಂದ ರಕ್ತನಾಳವನ್ನು ಕತ್ತರಿಸುವುದಿಲ್ಲ, ಕಿಡ್ನಿಯ ಒಂದು ಭಾಗ ಅದನ್ನೇ ನಂಬಿಕೊಂಡಿದೆ. ಮೂತ್ರನಾಳವನ್ನೇ ಅದರ ಮುಂದಕ್ಕೆ ತಂದು ಜೋಡಿಸುತ್ತಾರೆ. ಆಂಡರ್ಸನ್ ಮತ್ತು ಹೈನ್ಸ್ ಎಂಬ ಶಸ್ತ್ರವೈದ್ಯರು ಈ ಹೊಲಿಗೆಯನ್ನು ವಿವರಿಸಿದ್ದು 1949ರಲ್ಲಿ. ಇಂದಿಗೂ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ತಡೆ ನಿವಾರಿಸುವುದು ಅದೇ ಹೊಲಿಗೆ ಎನ್ನುವಾಗ ನಮ್ಮ ವೃತ್ತಿಯ ಬಗ್ಗೆ ಹೆಮ್ಮೆಯಾಗುತ್ತದೆ.

ನೀವು ಕೇಳದಿದ್ದರೂ ಇನ್ನೊಂದು ಮಾತು. ಹೊಲಿಗೆ ಮಾಯುವವರೆಗೆ ಮೂತ್ರ ಇಳಿಯಲೆಂದು ನಾಳದೊಳಗಿಟ್ಟ ಸಪೂರ ಕೊಳವೆಯನ್ನು, ಅಂದರೆ ಸ್ಟೆಂಟನ್ನು, ಸಾಮಾನ್ಯವಾಗಿ 4ರಿಂದ 6 ವಾರಗಳಲ್ಲಿ ತೆಗೆಯುತ್ತಾರೆ, ಆ ದಿನಾಂಕ ಮರೆಯಬೇಡಿ. ಆಮೇಲಿನ ಸ್ಕ್ಯಾನಿಂಗ್ ವರದಿಯಲ್ಲಿ ‘ಊತ ಇದೆ’ ಎಂದು ಕಂಡ ಕೂಡಲೇ ಆಪರೇಷನ್ ವ್ಯರ್ಥವಾಯಿತೆಂದು ಕುಗ್ಗಬೇಡಿ. ವರ್ಷಗಟ್ಟಲೆ ಹಿಗ್ಗಿದ ಆಲಿಕೆ ಪೂರ್ತಿ ಕುಗ್ಗದೆಯೂ ಇರಬಹುದು. ಮೂತ್ರ ಸರಾಗವಾಗಿ ಇಳಿಯುತ್ತಿದೆಯೇ, ಕಿಡ್ನಿಯ ಕೆಲಸ ಕುಸಿಯದೆ ನಿಂತಿದೆಯೇ ಎಂಬುದನ್ನು ಹೊಸ ರೀನೋಗ್ರಾಮ್ ಹೇಳುತ್ತದೆ. ಹೋಲಿಸಿ ನೋಡಲು ಹಳೆಯ ವರದಿಯೂ ಬೇಕು, ಜೋಪಾನವಾಗಿಡಿ.