ಆವೇಶ ಅರ್ಧವಾದರೆ ಬಲವೂ ಅರ್ಧ: ಯಾವ ಆಧಾರದ ಮೇಲೆ?

ಎರಡು ವಿದ್ಯುದಾವೇಶಗಳ ನಡುವಿನ ಬಲ ಎಷ್ಟೆಂದು ಹೇಳುವ ಕೂಲಂಬ್ ನಿಯಮದಲ್ಲಿ ಎರಡು ಮಾತುಗಳಿವೆ. ಬಲ ದೂರದ ವರ್ಗಕ್ಕೆ ವಿಲೋಮ. ಎರಡು ಆವೇಶಗಳ ಗುಣಲಬ್ಧಕ್ಕೆ ಅನುಪಾತ. ಶ್ರಮವೆಲ್ಲ ಸಂದದ್ದು ಮೊದಲನೆಯದಕ್ಕೆ. 1767ರಲ್ಲಿ ಪ್ರೀಸ್ಟ್ಲಿ ಅದನ್ನು ಊಹಿಸಿದ, ಕ್ಯಾವೆಂಡಿಶ್ ಅಳೆದೂ ಪ್ರಕಟಿಸಲಿಲ್ಲ, 1971ರ ಹೊತ್ತಿಗೆ ದೂರದ ಘಾತ 2 ಎಂಬುದು ಹದಿನೈದು ದಶಮಾಂಶ ಸ್ಥಾನಗಳವರೆಗೆ ಖಚಿತವಾಯಿತು.

ತಂತಿ ಎಷ್ಟು ತಿರುಚಿತು ಎಂಬುದರಿಂದ ಬಲ ಅಳೆಯುವ, ಕೂಲಂಬ್‌ನ 1785ರ ತಿರುಚು ತಕ್ಕಡಿಯಲ್ಲೂ ಬದಲಾದದ್ದು ದೂರವೇ. ಗುಂಡುಗಳ ನಡುವಿನ ಕೋನ 36, 18, 8.5 ಡಿಗ್ರಿಗೆ ಇಳಿದಾಗ ತಂತಿಯ ಒಟ್ಟು ತಿರುಚು 36, 144, 575.5 ಡಿಗ್ರಿಗೆ ಏರಿತು. ಗುಣಲಬ್ಧದ ಮಾತನ್ನು ಕೂಲಂಬ್ ಹೆಚ್ಚುಕಡಿಮೆ ಸ್ವಯಂಸಿದ್ಧವೆಂದೇ ಹಿಡಿದ. ಪಠ್ಯಗಳು ಎರಡನ್ನೂ ಒಂದೇ ಪ್ರಯೋಗದ ಫಲವೆಂಬಂತೆ ಹೇಳಿಬಿಡುತ್ತವೆ. ವಿದ್ಯಾರ್ಥಿಗೆ ಇದರಿಂದ ನಷ್ಟವೇ.

ತೊಡಕು ಇಲ್ಲಿದೆ: ಆವೇಶವನ್ನು ಬಲದಿಂದಲೇ ಅಳೆದರೆ, ಬಲ ಆವೇಶಕ್ಕೆ ಅನುಪಾತದಲ್ಲಿದೆ ಎನ್ನುವುದು ಸುತ್ತಿ ಬಂದ ಮಾತು. ಹಳೆಯ ಸಿಜಿಎಸ್ (ಸೆಂಟಿಮೀಟರ್-ಗ್ರಾಂ-ಸೆಕೆಂಡ್) ಪದ್ಧತಿಯ ಆವೇಶದ ಏಕಮಾನವಂತೂ, ಎರಡು ಸಮ ಆವೇಶಗಳ ನಡುವೆ 1 ಸೆಂಟಿಮೀಟರ್ ದೂರದಲ್ಲಿ 1 ಡೈನ್ (ಆ ಪದ್ಧತಿಯ ಬಲದ ಏಕಮಾನ) ಬಲ ಎಂದೇ ಶುರುವಾಗುತ್ತಿತ್ತು. ಬಿಡಿಸುವ ದಾರಿ ಸರಳ, ಸುಂದರ ಕೂಡ. ಆವೇಶವಿರುವ ಲೋಹದ ಗುಂಡಿಗೆ ಅಷ್ಟೇ ಗಾತ್ರದ, ಆವೇಶವಿಲ್ಲದ ಲೋಹದ ಗುಂಡನ್ನು ಮುಟ್ಟಿಸಿ ದೂರ ಸರಿಸಿ. ಎರಡೂ ಒಂದೇ ಥರದವು, ಹಾಗಾಗಿ ಪಾಲು ಸಮ, ಮೊದಲ ಗುಂಡಿನ ಆವೇಶ ಅರ್ಧ; ಇದಕ್ಕೆ ಬಲದ ನಿಯಮ ಗೊತ್ತಿರಬೇಕಿಲ್ಲ.

1 ಸೆಂ.ಮೀ. ತ್ರಿಜ್ಯದ ಎರಡು ಗುಂಡುಗಳು, ತಲಾ 10 ನ್ಯಾನೊಕೂಲಂಬ್, ಕೇಂದ್ರಗಳ ನಡುವೆ 10 ಸೆಂ.ಮೀ. ಎನ್ನಿ. ಬಲ ಸುಮಾರು 90 ಮೈಕ್ರೊನ್ಯೂಟನ್, ಅಂದರೆ 9 ಮಿಲಿಗ್ರಾಂ ತೂಕದಷ್ಟು. ಒಂದರ ಆವೇಶ ಅರ್ಧಿಸಿದರೆ 45, ಇನ್ನೊಂದನ್ನೂ ಅರ್ಧಿಸಿದರೆ 22.5.

ಲೆಕ್ಕ ತಪ್ಪಿಸುವುದು ಮುಖ್ಯವಾಗಿ ಎರಡು. ತೇವದ ಗಾಳಿಯಲ್ಲಿ ಗುಂಡಿನ ಹಿಡಿಕೆಯ ಮೇಲೆ ನೀರಿನ ಪದರ ಕೂತು ಆವೇಶ ಸೋರುತ್ತದೆ; ಹಿಡಿಕೆ ಒಣಗಿಸಿ, ಬೇಗ ಅಳೆದು, ಕೊನೆಗೆ ಮೊದಲ ಅಳತೆಯನ್ನು ಮತ್ತೆ ಮಾಡಿ ಸೋರಿಕೆ ಎಷ್ಟೆಂದು ನೋಡಬೇಕು. ಎರಡನೆಯದು ಪ್ರೇರಣೆ, ಅಂದರೆ ಒಂದು ಗುಂಡಿನ ಆವೇಶ ಇನ್ನೊಂದರ ಆವೇಶವನ್ನು ಸರಿಸುವುದು. ಗುಂಡುಗಳು ತೀರಾ ಹತ್ತಿರವಾದರೆ ಆವೇಶ ಮೇಲ್ಮೈಯಲ್ಲಿ ಸರಿದಾಡುತ್ತದೆ. ಆವೇಶವಿಲ್ಲದ ಗುಂಡೂ ಸೆಳೆತಕ್ಕೆ ಸಿಗುತ್ತದೆ, ಗುಣಲಬ್ಧ ಸೊನ್ನೆಯಾದರೂ. 1830ರ ದಶಕದಲ್ಲಿ ಇಂಗ್ಲೆಂಡಿನ ಪ್ರಯೋಗಕಾರ ಹ್ಯಾರಿಸ್‌ನ ಅಳತೆಗಳು ನಿಯಮಕ್ಕೆ ಹೊಂದದೆ ಹೋದಾಗ, ಆವೇಶದ ಈ ಮರುಹಂಚಿಕೆಯನ್ನು ಲೆಕ್ಕಕ್ಕೆ ತಂದು 1845ರಲ್ಲಿ ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್) ಗೊಂದಲ ಬಿಡಿಸಿದ.

2019ರಿಂದ ಎಲೆಕ್ಟ್ರಾನಿನ ಆವೇಶದ ಪ್ರಮಾಣ 1.602176634×10⁻¹⁹ ಕೂಲಂಬ್ ಎಂದು ನಿಗದಿಯಾಗಿದೆ. ಈಗ ಆವೇಶವೆಂದರೆ ಎಲೆಕ್ಟ್ರಾನುಗಳ ಎಣಿಕೆ; ಬಲವನ್ನು ಬೇರೆಯಾಗಿಯೇ ಅಳೆಯಬಹುದು.