ನೆನಪಿನ ಶಕ್ತಿಯ ಮಾತ್ರೆ ತಗೊಂಡರೆ ಉಪಯೋಗ ಇದೆಯಾ?

ಪ್ರಶ್ನೆ: ಪರೀಕ್ಷೆ ಹತ್ತಿರ ಬಂತು. ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ. ನೆನಪು, ಏಕಾಗ್ರತೆ ಹೆಚ್ಚಿಸುತ್ತವೆ ಅಂತ ಮಾರುವ ಮಾತ್ರೆಗಳನ್ನು ತಗೊಳ್ಳಬಹುದಾ?

ಉತ್ತರ: ಮಾತ್ರೆಗಿಂತ ಮೊದಲು ವೈದ್ಯರನ್ನು ಕಂಡು ಒಂದು ರಕ್ತಪರೀಕ್ಷೆ ಮಾಡಿಸಿ. ದೇಹದಲ್ಲಿ ಏನಾದರೂ ಕೊರತೆ ಇದ್ದರೆ, ಅದನ್ನು ತುಂಬುವ ಮಾತ್ರೆಯಿಂದ ಖಂಡಿತ ಲಾಭ ಇದೆ. ಕೊರತೆಯೇ ಇಲ್ಲದವರಿಗೆ ಸಿಗುವುದು ತೀರಾ ಕಡಿಮೆ.

ವಿಟಮಿನ್ ಬಿ12 ವಿಷಯ ನೋಡಿ. ನರಗಳ ಮೇಲಿನ ಹೊದಿಕೆ ಗಟ್ಟಿಯಾಗಿರಲು ಅದು ಬೇಕೇ ಬೇಕು. ಕಡಿಮೆಯಾದರೆ ಸುಸ್ತು, ಮರೆವು, ಕೈಕಾಲು ಜೋಮು. ಸಸ್ಯಾಹಾರಿಗಳಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಈ ಕೊರತೆ ಜಾಸ್ತಿ. ಬೇಗ ಗೊತ್ತಾದರೆ ಚಿಕಿತ್ಸೆ ಸುಲಭ. ತಡವಾದರೆ ನರಗಳಿಗಾದ ಹಾನಿ ಪೂರ್ತಿ ವಾಸಿಯಾಗದೆ ಉಳಿಯಬಹುದು. ಯಾವುದೋ ಡಬ್ಬಿ ತಂದು ಸುಮ್ನೆ ತಿಂಗಳುಗಟ್ಟಲೆ ಕಾಯಬೇಡಿ ಅನ್ನುವುದು ಇದಕ್ಕೇ. ಕಬ್ಬಿಣದ ಅಂಶ, ಥೈರಾಯ್ಡ್ ಕೂಡ ಅದೇ ಸಲ ನೋಡಿಸಿಬಿಡಿ.

ನೆನಪಿನ ಮಾತ್ರೆಗಳಲ್ಲಿ ಗಿಂಕ್ಗೊ ಎಂಬ ಮರದ ಎಲೆಯ ಸಾರಕ್ಕೆ ಹೆಸರು ದೊಡ್ಡದು. 75 ದಾಟಿದ 3,069 ಜನರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನದ ಫಲಿತಾಂಶ 2008ರಲ್ಲಿ ಬಂತು. ದಿನಕ್ಕೆರಡು ಸಲ 120 ಮಿಲಿಗ್ರಾಂ, ಅದೂ ವರ್ಷಗಟ್ಟಲೆ ಕೊಟ್ಟರೂ ಮರೆಗುಳಿ ಕಾಯಿಲೆ ಬರುವುದು ಕಡಿಮೆಯಾಗಲಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗಂತೂ ಇದರಿಂದ ರಕ್ತಸ್ರಾವದ ಅಪಾಯ ಇದೆ. ಬ್ರಾಹ್ಮಿಯಿಂದ ನೆನಪು ಸ್ವಲ್ಪ ಸುಧಾರಿಸಿದ್ದು ಕೆಲವು ಸಣ್ಣ ಅಧ್ಯಯನಗಳಲ್ಲಿ ಕಂಡಿದೆ. ಆದರೆ ಅವುಗಳಲ್ಲಿ ಹೆಚ್ಚಿನವು ಸುಮಾರು 12 ವಾರ ನಡೆದವು. ಮುಂದಿನ ವಾರದ ಪರೀಕ್ಷೆಗೆ ಅದು ಒದಗುವುದಿಲ್ಲ.

ತಕ್ಷಣ ಕೆಲಸ ಮಾಡುವುದು ಕಾಫಿ, ಟೀಯಲ್ಲಿರುವ ಕೆಫೀನ್. ಮಿದುಳಿಗೆ 'ದಣಿವಾಯ್ತು' ಎಂದು ತಿಳಿಸುವ ಅಡೆನೊಸಿನ್ ಇದೆಯಲ್ಲ, ಅದರ ಜಾಗದಲ್ಲಿ ಕೆಫೀನ್ ಹೋಗಿ ಕೂರುತ್ತದೆ. ಎಚ್ಚರ ಬರುತ್ತದೆ, ಆದರೆ ದಣಿವು ಹೋಗಿರುವುದಿಲ್ಲ. ಸಂಜೆ 5ಕ್ಕೆ 200 ಮಿಲಿಗ್ರಾಂ ಕೆಫೀನ್ ಇರುವ ಮಾತ್ರೆ ನುಂಗಿದರೆ, ರಾತ್ರಿ 10ಕ್ಕೆ ಹೆಚ್ಚುಕಡಿಮೆ ಅರ್ಧ ಇನ್ನೂ ರಕ್ತದಲ್ಲೇ ಇರುತ್ತದೆ. ನಿದ್ದೆ ಕೆಡುತ್ತದೆ. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದೇ ನಿದ್ದೆಯಲ್ಲಿ ಅಲ್ವಾ? ನಿಮ್ಮ ಪರೀಕ್ಷೆಗೆ ಇದೇ ದೊಡ್ಡ ನಷ್ಟ ಅನ್ನುವುದು ನನ್ನ ಅಭಿಪ್ರಾಯ.

ಆದರೂ ಕೊಳ್ಳುವುದೇ ಆದರೆ ಡಬ್ಬಿಯ ಹಿಂಭಾಗ ಓದಿ. ಯಾವ ವಸ್ತು ಎಷ್ಟು ಮಿಲಿಗ್ರಾಂ ಅಂತ ಬಿಡಿಬಿಡಿಯಾಗಿ ಬರೆಯದೆ, 'ವಿಶೇಷ ಮಿಶ್ರಣ' ಅಂತ ಒಟ್ಟು ತೂಕ ಮಾತ್ರ ಕೊಟ್ಟಿದ್ದರೆ ವಾಪಸ್ ಇಟ್ಟುಬಿಡಿ. ಬಿ6 ಎಷ್ಟಿದೆ ಅಂತಲೂ ನೋಡಿ. ಅದನ್ನು ಬಹಳ ದಿನ ಹೆಚ್ಚು ಪ್ರಮಾಣದಲ್ಲಿ ತಗೊಂಡರೆ ನರಗಳಿಗೇ ಪೆಟ್ಟು. ಬೇರೆ ಔಷಧಿ ನಡೆಯುತ್ತಿದ್ದರೆ, ಮೊದಲ ಮಾತ್ರೆ ನುಂಗುವ ಮುಂಚೆಯೇ ಡಬ್ಬಿಯನ್ನು ನಿಮ್ಮ ವೈದ್ಯರಿಗೆ ತೋರಿಸಿ.